ಬಲಗಿವಿಗೆ ಬೀಳದ ಜೋಡಿ ಹಾಡು

ಹೊಲಿಗೆ ಯಂತ್ರ ರಿಪೇರಿ ಮಾಡುವ ಕಿವಿ ಮಾಮನಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಯಂತ್ರಕ್ಕೆ ಎಡಗಿವಿ ಒತ್ತಿ ಗಾಲಿಯನ್ನು ಒಂದು ಸುತ್ತು ತಿರುಗಿಸಿದರೆ ಸಾಕು, ಒಳಗೆ ಯಾವ ಹಲ್ಲು ಸವೆದಿದೆ, ಯಾವ ತಿರುಪು ಸಡಿಲ ಎಂದು ಹೇಳಿಬಿಡುತ್ತಿದ್ದ. ಪಕ್ಕದ ಬೀದಿಯಲ್ಲಿ ಇರುವೆ ಸೀನಿದರೆ ಅದಕ್ಕೆ ನೆಗಡಿಯೋ, ಮೂಗಿಗೆ ಧೂಳು ಹೋಯಿತೋ ಎಂದೂ ಹೇಳಬಲ್ಲ ಎಂಬ ಮಾತಿತ್ತು. ಆ ಮಾತನ್ನು ಹುಟ್ಟಿಸಿದವನು ತಾನೇ ಎಂಬುದು ಅವನಿಗೆ ಮರೆತೇ ಹೋಗಿತ್ತು.

ಹಾಗಾಗಿ ಚಹಾದ ಅಂಗಡಿಯ ಸಂಜೆ ಹರಟೆಯಲ್ಲಿ ಸಂಗೀತದ ಬಗ್ಗೆ ಅವನದೇ ಕೊನೆಯ ಮಾತು. ಎಪ್ಪತ್ತು ದಾಟಿದ ಹೆಸರಾಂತ ಗಾಯಕಿಯೊಬ್ಬರು ಹಳೆಯ ಸಂಗೀತ ನಾಟಕಗಳ ಜೋಡಿ ಹಾಡುಗಳ ಆಲ್ಬಮ್ ತಂದಾಗ ಎಲ್ಲರೂ ಅವನ ಬಾಯಿ ನೋಡಿದರು. ಅವನು ಹೆಂಡತಿಯ ಗೊಣಗಾಟಕ್ಕೆ ಹೆದರಿ ಹೆಡ್‌ಫೋನ್ ಹಾಕಿಕೊಂಡು ಕೇಳಿ ಬಂದಿದ್ದ.

"ಮುಗೀತಪ್ಪ ಆಯಮ್ಮನ ಕಥೆ," ಎಂದ. "ಜೋಡಿ ಹಾಡಂತೆ, ಜೋಡಿಯೇ ಇಲ್ಲ. ಒಂದು ಸಾಲು ಹಾಡ್ತಾಳೆ, ಆಮೇಲೆ ಬರೀ ವಾದ್ಯ. ಮುಂದಿನ ಸಾಲು ಮರೆತು ಹುಡುಕ್ತಿರ್ತಾಳೆ. ಆ ಸಂದೀಲಿ ನಾನು ಸ್ನಾನ ಮಾಡಿ, ಗಡ್ಡ ಹೆರೆದು ಬಂದೆ."

ಅಂಗಡಿಗೆ ಅಂಗಡಿಯೇ ನಕ್ಕಿತು. ಮೂಲೆಯಲ್ಲಿದ್ದ ನಿವೃತ್ತ ಬಸ್ ಕಂಡಕ್ಟರ್, ಮಾಮನ ಹಳೇ ಗೆಳೆಯ, ಲೋಟ ಕೆಳಗಿಟ್ಟ.

"ಇಲ್ಲ ಕಣೋ, ನಾನೂ ಕೇಳಿದೆ. ಗಂಡು ದನಿ ಇದೆಯಲ್ಲ. ಇಬ್ಬರೂ ಚೆನ್ನಾಗೇ ಹಾಡಿದಾರೆ."

"ಇಬ್ಬರಾ? ಸೀಟಲ್ಲಿ ಇಲ್ಲದವನಿಗೂ ಟಿಕೆಟ್ ಹರೀತೀಯಲ್ಲೋ. ಇಷ್ಟು ವರ್ಷ ಇದೇ ಲೆಕ್ಕದಲ್ಲಿ ಸೀಟಿ ಊದಿದ್ದಾ?"

ಕಂಡಕ್ಟರನೂ ನಕ್ಕ. ಆದರೆ ಚಹಾ ಅರ್ಧಕ್ಕೇ ಬಿಟ್ಟು ಎದ್ದುಹೋದವನು ಆ ಕಡೆ ಮತ್ತೆ ತಲೆ ಹಾಕಲಿಲ್ಲ. ಮಿಕ್ಕವರು ಆಲ್ಬಮ್ ಕೇಳುವ ಗೋಜಿಗೇ ಹೋಗಲಿಲ್ಲ. ಮಾಮ ಕೇಳಿದ ಮೇಲೆ ಕೇಳುವುದೇನು? ದಿನಾ ಅವನ ಕೈಲಿ ಗಾಯಕಿ ಸಾಲು ಮರೆಯುವ ಅಣಕು ಮಾಡಿಸಿ ಹೊಟ್ಟೆ ಹಿಡಿದುಕೊಂಡು ನಕ್ಕರು.

ಒಂದು ಬೆಳಿಗ್ಗೆ ಅಣಕಿಗೆ ಹೊಸ ಸರಕು ಬೇಕೆಂದು ಮಾಮ ಮತ್ತೆ ಕೇಳಲು ಕುಳಿತ. ಅವಸರದಲ್ಲಿ ಹೆಡ್‌ಫೋನ್ ಎಡಬಲ ಅದಲುಬದಲಾಯಿತು. ಗಾಯಕಿ ನಾಪತ್ತೆ. ಇವನು ಖಾಲಿ ಎಂದಿದ್ದ ಜಾಗದಲ್ಲೆಲ್ಲ ಯಾರೋ ಗಂಡಸು ಎದೆ ತುಂಬಿ ಹಾಡುತ್ತಿದ್ದ. ತಿರುಗಿಸಿ ಹಾಕಿಕೊಂಡ, ಗಂಡಸು ಮಾಯ, ಆಕೆ ಹಾಜರು.

ಹೆಂಡತಿ ಅದನ್ನು ಕಿತ್ತುಕೊಂಡು ತಾನೂ ಕೇಳಿದಳು. "ಈ ಕಡೆ ಆಕೆ, ಆ ಕಡೆ ಆತ. ರಂಗದ ಮೇಲೆ ಎದುರುಬದುರು ನಿಂತ ಹಾಗೆ ಮಾಡಿದಾರೆ, ಅಷ್ಟೇ." ಆಮೇಲೆ ಅವನನ್ನೇ ದಿಟ್ಟಿಸಿದಳು. "ಅಂದ್ರೆ ನಿಮಗೆ ಬಲಗಿವಿ ಕೇಳೋದೇ ಇಲ್ವಾ? ಹಾಸಿಗೇಲಿ ನಾನು ಮಾತಾಡಿದಾಗೆಲ್ಲ ಬೇಕಂತಲೇ ಸುಮ್ಮನಿರ್ತೀರಿ ಅಂದ್ಕೊಂಡಿದ್ದೆ."

ಮಾಮ ಬಲಗಿವಿಯ ಬಳಿ ಚಿಟಿಕೆ ಹೊಡೆದು ನೋಡಿದ. ಏನೂ ಇಲ್ಲ. ಆ ಕ್ಷಣ ಭೂಮಿ ಬಾಯಿ ಬಿಟ್ಟಿದ್ದರೆ ಒಳಗೆ ಹೋಗಿ, ಒಳಗಿನಿಂದ ಚಿಲಕವನ್ನೂ ಹಾಕಿಕೊಳ್ಳುತ್ತಿದ್ದ. ಆಗ ನೆನಪಾದದ್ದು ಕಂಡಕ್ಟರ್.

ನಗೆಯಲ್ಲೇ ತೇಲಿಸಿಬಿಡೋಣ ಎಂದು ದಾರಿಯುದ್ದಕ್ಕೂ ಒಂದು ತಮಾಷೆ ಹೊಂದಿಸಿಕೊಂಡು ಗೆಳೆಯನ ಮನೆಗೆ ಹೋದ. ಅವನು ಬಾಯಿ ತೆರೆಯುವ ಮೊದಲೇ ಕಂಡಕ್ಟರ್ ಕೋಣೆಯ ಬಾಗಿಲು ಮುಚ್ಚಿ ಬಂದ.

"ಕಿವಿ ಡಾಕ್ಟರ ಹತ್ರ ಹೋಗಿದ್ದೆ ಕಣೋ. ನೀನು ತಪ್ಪು ಕೇಳೋದುಂಟಾ, ನನ್ನದೇ ಏನೋ ಕೆಟ್ಟಿದೆ ಅಂತ. ಎರಡೂ ಕಿವಿ ಸರಿ ಇದೆಯಂತೆ." ದನಿ ತಗ್ಗಿಸಿದ. "ಹಾಗಾದ್ರೆ ಕೆಟ್ಟಿರೋದು ತಲೆ. ನಮ್ಮಪ್ಪನಿಗೂ ಕೊನೇಲಿ ಹೀಗೇ, ಇಲ್ಲದ ದನಿ ಕೇಳಿಸ್ತಿತ್ತು. ನಾಳೆ ತಲೆ ಡಾಕ್ಟರ ಹತ್ರ ಹೋಗ್ತೀನಿ. ನಮ್ಮನೆಯವಳಿಗೆ ಹೇಳಬೇಡ."

ಹೊಂದಿಸಿಕೊಂಡು ಬಂದ ತಮಾಷೆಯನ್ನು ಮಾಮ ಅಲ್ಲೇ ಕೈಬಿಟ್ಟ.

"ನಿನ್ನ ತಲೆ ಸರಿಯಾಗೇ ಇದೆ," ಎಂದ. "ಹಾಡಲ್ಲಿ ಗಂಡಸು ಇದಾನೆ. ನನಗೇ ಒಂದು ಕಿವಿ ಸತ್ತಿದೆ."

ಕಂಡಕ್ಟರ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಅವತ್ತಿಂದ ನಿದ್ದೆ ಮಾಡಿಲ್ಲ ಕಣೋ," ಎಂದ. ಮುಚ್ಚಿದ್ದ ಬಾಗಿಲು ತೆರೆಯುತ್ತಾ, "ಇದನ್ನ ನನಗೊಬ್ಬನಿಗೆ ಹೇಳಿ ಏನು ಬಂತು? ನಕ್ಕಿದ್ದು ಅಂಗಡೀಲಿದ್ದವರು."

ಸಂಜೆ ಇಬ್ಬರೂ ಅಂಗಡಿಗೆ ಬಂದರು.

"ಬಾ ಮಾಮ, ಆಯಮ್ಮ ಸಾಲು ಮರೆಯೋದು ಒಂದ್ಸಲ ಮಾಡು."

ಮಾಮ ಕೂರಲಿಲ್ಲ. "ಆಯಮ್ಮ ಏನೂ ಮರೆತಿಲ್ಲ. ನನಗೇ ಕಿವಿ ಕೇಳಲ್ಲ," ಎಂದ.

ಇದು ಹೊಸ ಅಣಕು ಎಂದುಕೊಂಡು ಎಲ್ಲರೂ ಗೊಳ್ಳೆಂದು ನಕ್ಕರು. ಆ ನಗು ನಿಲ್ಲುವವರೆಗೂ ಅವನು ತಲೆ ತಗ್ಗಿಸಿ ನಿಂತ. ಆಮೇಲೆ ಮತ್ತೆ ಮೊದಲಿನಿಂದ ಹೇಳಿದ.