ಅವಳ ಮುಖಕ್ಕೆ ಕೂತವಳು

ಕೋಲಾರದಲ್ಲಿ ನಾಟಕದ ಪರದೆ ಬರೆಯುತ್ತಿದ್ದ ಮೇಷ್ಟರ ಹತ್ತಿರ ನಾನು ಚಿತ್ರ ಕಲಿಯಲು ಸೇರಿದಾಗ, "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು" ಎಂದು ಅಪ್ಪ ಉಗಿದಿದ್ದ. ಮೇಷ್ಟರಿಗೆ ಗೊತ್ತಿದ್ದದ್ದು ಒಂದೇ ಪಾಠ: ಎದುರಿಗಿರುವುದನ್ನು ಬರಿ. ನೆನಪಿನಿಂದ ಒಂದು ಬೆರಳು ಎಳೆದರೂ ಕುಂಚದ ಹಿಡಿಯಿಂದ ಗೆಣ್ಣಿಗೆ ಬೀಳುತ್ತಿತ್ತು. "ನೆನಪು ಸುಳ್ಳು ಹೇಳ್ತದೆ ಕಣೋ, ಕಣ್ಣು ಹೇಳಲ್ಲ." ಹೊಡೆದು ಹೊಡೆದು ಕೈಗೆ ಅದನ್ನೇ ಕಲಿಸಿಬಿಟ್ಟರು.

ಆಮೇಲೆ ನನ್ನ ಹೊಟ್ಟೆ ತುಂಬಿಸಿದವರು ಸತ್ತವರು. ಬದುಕಿರುವವರನ್ನು ಬರೆದರೆ ಆಯಸ್ಸು ಕುಂದುತ್ತದೆ ಎಂದು ನಮ್ಮ ಕಡೆ ನಂಬಿಕೆ. ಗೋಡೆ ಏರುವವರೆಲ್ಲ ಸತ್ತವರೇ. ಮುಳಬಾಗಿಲು, ಶ್ರೀನಿವಾಸಪುರದ ಮನೆಗಳಿಂದ ಕರೆ ಬರುತ್ತಿತ್ತು. ಸತ್ತವರ ಫೋಟೋ ಎಲ್ಲಿಂದ ಬರಬೇಕು? ಅವರನ್ನು ಹೋಲುವ ತಮ್ಮನನ್ನೋ ಮಗನನ್ನೋ ಎದುರಿಗೆ ಕೂರಿಸಿ, ಮನೆಯವರು ಹೇಳಿದಂತೆ ಮೂಗು ಕಿವಿ ತಿದ್ದುತ್ತಿದ್ದೆ. ಕೊನೆಗೆ ಎಲ್ಲರೂ "ಅವರೇ!" ಎಂದು ಅಳುತ್ತಿದ್ದರು.

ನನ್ನ ಹೆಂಡತಿಯನ್ನು ಬರೆಯಬೇಕೆಂದು ಎಷ್ಟು ಗೋಗರೆದೆ! ರಾಗಿ ಬೀಸುತ್ತಲೇ ಸೆರಗನ್ನು ಮುಖಕ್ಕೆ ಎಳೆದುಕೊಳ್ಳುತ್ತಿದ್ದಳು. "ನಾನಿನ್ನೂ ಸತ್ತಿಲ್ಲ, ಹೋಗ್ರೀ ಅತ್ಲಾಗೆ!" ಎಂದು ನಗುತ್ತಿದ್ದಳು.

ಯುದ್ಧದ ಕಾಲದಲ್ಲಿ ಜ್ವರ ಬಂದು ಹೋಗಿಯೇಬಿಟ್ಟಳು. ಮಗಳು ಇನ್ನೂ ಚಿಕ್ಕವಳು. ಅಮ್ಮನ ಮುಖ ಮರೆಯುವ ಮೊದಲು ಅವಳಿಗೊಂದು ಚಿತ್ರ ಬರೆದುಕೊಡಲೇಬೇಕಿತ್ತು. ಕೂತೆ, ಹಾಳು ಕೈ ನೆನಪಿನಿಂದ ಒಂದು ಗೆರೆಯನ್ನೂ ಎಳೆಯಲಿಲ್ಲ. ಮಾಲೂರಿನಿಂದ ಅವಳ ತಂಗಿಯನ್ನು, ಮಗುವಿನ ಪಿನ್ನಮ್ಮನನ್ನು, ಕರೆಸಿ ಕೂರಿಸಿದೆ. ಪಾಪ, ಕಣ್ಣೊರೆಸಿಕೊಳ್ಳುತ್ತಲೇ ಕೂತಿದ್ದಳು.

"ಅಕ್ಕನ ಗದ್ದ ಇಷ್ಟು ಚೂಪಿರಲಿಲ್ಲ ಬಾವಾ" ಅಂದಳು. ತಿದ್ದಿದೆ. "ಹುಬ್ಬು ಕೂಡ್ಕೊಂಡಿತ್ತು" ಅಂದಳು. ಕೂಡಿಸಿದೆ. ಮುಗಿದಾಗ ನನಗೂ ಅಳು ತಡೆಯಲಿಲ್ಲ. ಅವಳೇ, ಥೇಟ್ ಅವಳೇ ಅನ್ನಿಸಿತು.

ತಿಥಿಯ ದಿನ ಚಿತ್ರಕ್ಕೆ ಹಾರ ಹಾಕಿ, ಮಗಳನ್ನು ಎತ್ತಿಕೊಂಡು ತೋರಿಸಿದೆ. "ಯಾರು ಪುಟ್ಟಾ ಇದು?"

ಮಗು ಚಿತ್ರ ನೋಡಿತು. ಬಾಗಿಲಲ್ಲಿ ನಿಂತಿದ್ದ ನಾದಿನಿಯನ್ನು ನೋಡಿತು. ತುಟಿ ಅದುರಿತು.

"ಪಿನ್ನಮ್ಮ. ಪಿನ್ನಮ್ಮಾನೂ ಸತ್ತೋಗ್ತಾಳಾ?"

ಹಾರ ತೆಗೆದು ಚಿತ್ರವನ್ನು ಅಟ್ಟಕ್ಕೆ ಹಾಕಿದೆ.

ಅಮ್ಮ ಹೇಗಿದ್ದಳು ಎಂದು ಮಗಳು ಈಗಲೂ ಕೇಳುತ್ತಾಳೆ. ಸೆರಗು ಎಳೆದುಕೊಂಡು ನಗುತ್ತಿದ್ದಳು ಎನ್ನುತ್ತೇನೆ. ಆ ಸೆರಗಿನ ಹಿಂದಿನ ಮುಖ ನನಗೂ ಕಾಣುವುದಿಲ್ಲ. ಕಣ್ಣು ಮುಚ್ಚಿದರೆ ನಾನು ಬರೆದ ಚಿತ್ರವೇ ಅಡ್ಡ ಬರುತ್ತದೆ.