ಅಕ್ಕನ ಬಾಯಲ್ಲಿ ಮಾವನ ಹೆಸರು

ಹುಣಸೆಹಣ್ಣಿನ ವ್ಯಾಪಾರ ನನ್ನದು. ಹಣ್ಣು ಇನ್ನೂ ಮರದಲ್ಲಿ ತೂಗುತ್ತಿರುವಾಗಲೇ ಇಡೀ ಮರಕ್ಕೆ ಮಾತು ಮುಗಿಸುವುದು, ಆಮೇಲೆ ಆಳು ಹಚ್ಚಿ ಉದುರಿಸಿಕೊಳ್ಳುವುದು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಹೊಲದ ಬದುಗಳಲ್ಲಿ ನಾನು ಚೌಕಾಸಿ ಮಾಡದ ಮರ ಕಡಿಮೆ. ಈ ಕಸುಬಿಗೆ ಹೊಸದಾಗಿ ಬರುವವರಿಗೆ ನಾನು ಹೇಳುವುದು ಇಷ್ಟು: ಮರ ಆಮೇಲೆ ನೋಡಿ, ಮರದ ಒಡೆಯನನ್ನು ಏನಂತ ಕರೆಯಬೇಕು ಅನ್ನೋದನ್ನ ಮೊದಲು ತಿಳಿದುಕೊಳ್ಳಿ. ಒಂದೂರಲ್ಲಿ ‘ಯಜಮಾನ್ರ’ ಅಂದರೆ ಕಂಬಳಿ ಹಾಸಿ ಕೂರಿಸುತ್ತಾರೆ. ಪಕ್ಕದೂರಲ್ಲಿ ಅದೇ ಮಾತಿಗೆ ‘ನನಗೇನು ಅಷ್ಟು ವಯಸ್ಸಾಗೈತೇನಪಾ?’ ಅಂತ ಮುಖ ತಿರುಗಿಸುತ್ತಾರೆ. ತೆಲುಗು ಮಾತಾಡುವ ಮನೆಗಳಲ್ಲಿ ಹೆಂಡತಿ ಗಂಡನನ್ನು ‘ಬಾವ’ ಅನ್ನುವುದು ಕೇಳಿದ್ದೇನೆ. ನಮ್ಮ ಕಡೆ ಹಾಗಂದರೆ ಜನ ಯಾವ ಸಂಬಂಧ ಅಂತ ಲೆಕ್ಕ ಹಾಕುತ್ತಾ ಕೂರುತ್ತಾರೆ.

ಕರೆಯುವ ಮಾತಿನ ಬಗ್ಗೆ ಇಷ್ಟೆಲ್ಲ ಗೊತ್ತಿದ್ದವನು ನಾನು. ಒಂದು ಹೆಸರು ಮಾತ್ರ ನನ್ನ ಲೆಕ್ಕಕ್ಕೆ ಸಿಗಲಿಲ್ಲ.

ಅದು ನನ್ನ ಅಕ್ಕನ ಗಂಡನ ಹೆಸರು. ಅವರನ್ನು ನಾನು ಮಾವ ಅನ್ನುತ್ತಿದ್ದೆ. ಕೊಟ್ಟೂರಿನ ದೇವರ ಹೆಸರನ್ನೇ ಅವರಿಗೆ ಇಟ್ಟಿದ್ದರು. ಇಲ್ಲಿ ಅದನ್ನು ಬರೆಯುವುದಿಲ್ಲ, ಯಾರಾದರೂ ಅಕ್ಕನಿಗೆ ಓದಿ ಹೇಳಿಬಿಟ್ಟಾರು. ಆ ಹೆಸರು ನಮ್ಮ ಕಡೆ ಎಷ್ಟು ಸಾಮಾನ್ಯವೆಂದರೆ ಸಂತೆಯಲ್ಲಿ ಒಮ್ಮೆ ಕೂಗಿದರೆ ಅರ್ಧ ಸಂತೆ ತಿರುಗಿ ನೋಡುತ್ತದೆ. ದೇವರಿಗೆ ನಡೆದುಕೊಳ್ಳುವವರಿಗೆ ಅದು ಜಪ, ಶಾಲೆಯ ಮೇಷ್ಟರಿಗೆ ಹಾಜರಿ. ಅಕ್ಕನಿಗೆ ಮಾತ್ರ ಅದು ಗಂಡನ ಆಯುಷ್ಯ. ಬಾಯಿಂದ ಹೊರಗೆ ಬಿಟ್ಟರೆ ಸವೆದು ಹೋಗುವಂಥದ್ದು. ಮದುವೆಯ ದಿನ ಹೊಸ್ತಿಲಲ್ಲಿ ಹೆಂಗಸರು ಅಡ್ಡ ನಿಂತು, ಗಂಡನ ಹೆಸರು ಹೇಳಿದರೇ ಒಳಗೆ ಅಂದಾಗ ಅವಳು ಹೆಸರಿನ ಜಾಗದಲ್ಲಿ ಸುಮ್ಮನೆ ಕೈಮುಗಿದುಬಿಟ್ಟಳು. ದೇವರ ಹೆಸರಲ್ಲವೇ, ಅವರೂ ನಕ್ಕು ದಾರಿ ಬಿಟ್ಟರು.

ಆ ಹೆಸರಿನೊಳಗೆ ಊರಿದೆಯೆಂದು ಅವಳು ಊರಿನ ಹೆಸರನ್ನೂ ಬಿಟ್ಟಳು. ಒಮ್ಮೆ ಹಿರೇಹಡಗಲಿಯಲ್ಲಿ ನನ್ನ ಜೊತೆ ಬಸ್ಸು ಹತ್ತಿ ಕಂಡಕ್ಟರಿಗೆ, “ದೇವರೂರಿಗೆ ಎರಡು ಟಿಕೀಟು ಕೊಡಪಾ” ಅಂದಳು.

“ಯಾವ ದೇವರೂರು ಬೇ? ಹಂಪಿನೋ, ಮೈಲಾರನೋ?”

“ಮುಂದ ಬೋರ್ಡು ಹಾಕ್ಕೊಂಡು ಹೊಂಟೀಯಲ್ಲ, ಅಲ್ಲಿಗೇ.”

ಬಸ್ಸಿಗೆ ಬಸ್ಸೇ ನಕ್ಕಿತು. ಮನೆಗೆ ಬಂದು ಹೇಳಿದಾಗ ಮಾವ ಕಣ್ಣೊರೆಸಿಕೊಂಡು ನಕ್ಕರು. “ನಿಮ್ಮಕ್ಕ ನನ್ನ ಹೆಸರನ್ನ ಬಂಗಾರದಂಗ ಗಂಟು ಕಟ್ಟಿ ಇಟ್ಟಾಳಪಾ” ಅಂದರು. ಆ ಮಾತಿನಲ್ಲಿ ಚೇಷ್ಟೆ ಇತ್ತು, ಹೆಮ್ಮೆಯೂ ಇತ್ತು.

ಹೋದ ವರ್ಷ ಮಾವ ಹೊಲದಲ್ಲೇ ಕುಸಿದರು. ದಾವಣಗೆರೆಯ ಒಂದು ಆಸ್ಪತ್ರೆಗೆ ಸೇರಿಸಿದೆವು. ತಲೆಯೊಳಗೆ ರಕ್ತ ಸೋರಿದೆ, ಎಚ್ಚರ ಬರುವುದು ಕಷ್ಟ ಅಂದರು ಡಾಕ್ಟರು. ಕೇರಳದ ಒಬ್ಬ ನರ್ಸಮ್ಮ ಮಾತ್ರ ಕೈಬಿಡಲಿಲ್ಲ. “ಕಿವಿ ಕೇಳ್ತದೆ ಅವರಿಗೆ, ಹೆಸರು ಕರೀರಿ” ಅಂದಳು. ನಾನು ಕರೆದೆ. ರೆಪ್ಪೆ ಕೂಡ ಅಲುಗಲಿಲ್ಲ. ಮಗಳು ‘ಅಪ್ಪಾ’ ಅಂತ ಕೂಗಿ ಕೂಗಿ ಸೋತು ಹೊರಗೆ ಹೋದಳು. ಆಗ ನರ್ಸಮ್ಮ ಅಕ್ಕನ ಕಡೆ ತಿರುಗಿ, “ಅಮ್ಮ, ನೀವು ಕರೀರಿ” ಅಂದಳು. ಅಕ್ಕ ಹಾಸಿಗೆಯ ಅಂಚು ಹಿಡಿದು, “ಏನ್ರೀ… ಕೇಳಸ್ತೈತೇನ್ರೀ?” ಅಂದಳು.

“ಹಾಗಲ್ಲ ಅಮ್ಮ. ಹೆಸರು.”

“ಗಂಡನ ಹೆಸರ ಹೆಂಗ ಹಿಡದು ಕರೀಲವ್ವಾ? ನೀ ಕರೀತೀಯೇನು ನಿನ್ನ ಗಂಡನ್ನ?”

“ಹೆಸರು ಕರಿಯಲ್ಲ, ಚೇಟ್ಟಾ ಅಂತೀನಿ.”

“ಹಂಗಂದ್ರ?”

“ಅಣ್ಣ.”

ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ಅಯ್ ಶಿವನೇ! ಕಟಗೊಂಡ ಗಂಡಗ ಅಣ್ಣ ಅಂತೀಯೇನು? ಅವ ಸುಮ್ಮನಿರ್ತಾನೇನು?”

“ಅನ್ನದೇ ಇದ್ರೆ ಸಿಟ್ಟು ಮಾಡ್ತಾರೆ” ಅಂತ ನರ್ಸಮ್ಮ ನಕ್ಕಳು. ಅಂಥ ಹೊತ್ತಿನಲ್ಲೂ ಅಕ್ಕನ ಮುಖ ಒಂದು ಗಳಿಗೆ ಸಡಿಲಾಯಿತು. ಅದೇ ಸಮಯವೆಂದು ನಾನು ಅವಳನ್ನು ಹೊರಗಿನ ಬೆಂಚಿಗೆ ಕರೆದುಕೊಂಡು ಹೋದೆ.

“ಬ್ಯಾಡ ತಮ್ಮಾ. ಆಯುಷ್ಯ ಕಡಿಮಿ ಆಗತೈತಿ. ಇಷ್ಟು ವರ್ಷ ಕಾಯ್ದು ಈಗ ಕರೀಲೇನು?”

“ಆಯುಷ್ಯ ಉಳಸಾಕೇ ಹೇಳಾಕತ್ತೀನಿ ಅಕ್ಕಾ.”

ಅವಳು ತಲೆ ಅಲ್ಲಾಡಿಸಿದಳು. ಒಲ್ಲದ ಒಡೆಯನ ಹತ್ತಿರ ಇಡೀ ತೋಪು ಕೇಳಬಾರದು, ಒಂದು ಮರದಿಂದ ಮಾತು ಶುರು ಮಾಡಬೇಕು. ಅದು ನನಗೆ ಗೊತ್ತಿದ್ದ ದಾರಿ.

“ಹೋಗಲಿ, ಊರಿನ ಹೆಸರು ಅನ್ನು. ಊರೇನು ನಿನ್ನ ಗಂಡನೇನು? ರೈಲ್ವೆ ಸ್ಟೇಷನ್ನಿನಾಗ ಬರದು ಹಾಕ್ಯಾರ.”

ಬಿಸಿ ತುತ್ತು ಬಾಯಲ್ಲಿಟ್ಟುಕೊಂಡವಳಂತೆ ಮೆಲ್ಲಗೆ ಅಂದಳು.

“ಈಗ ದೇವರ ಹೆಸರು. ಕೈಮುಗದು ಅನ್ನು.”

ಕಣ್ಣು ಮುಚ್ಚಿ ಅದನ್ನೂ ಅಂದಳು.

“ಅಷ್ಟೇ. ಅದನ್ನೇ ಅವರ ಕಿವಿಯಾಗ ಅನ್ನು.”

ಅಕ್ಕ ನನ್ನನ್ನೇ ನೋಡಿದಳು. “ಲೇ, ನೀ ಕಲ್ಲನ್ನಾದ್ರೂ ಮಾತಿಗೆ ಬಗ್ಗಸ್ತೀ” ಅಂತ ಎದ್ದಳು.

ನಾನು ಹಾಸಿಗೆಯ ಕಾಲಬದಿ ನಿಂತೆ. ಅಕ್ಕ ಬಗ್ಗಿ, ಕಿವಿಯ ಹತ್ತಿರ, ಹೆಸರು ಹಿಡಿದು ಕರೆದಳು. ಮಾವನ ಕಣ್ಣು ತೆರೆಯಿತು. ಕತ್ತು ಅಲುಗಲಿಲ್ಲ, ಕಣ್ಣು ಮಾತ್ರ ತಿರುಗಿ ಅಕ್ಕನ ಮುಖದ ಮೇಲೆ ನಿಂತಿತು. ಎಷ್ಟೋ ಹೊತ್ತು ನೋಡಿ ಮತ್ತೆ ಮುಚ್ಚಿತು. ನರ್ಸಮ್ಮ ಡಾಕ್ಟರನ್ನು ಕರೆಯಲು ಓಡಿದಳು. ನಾನು ಬಂಧುಗಳಿಗೆಲ್ಲ ಫೋನು ಹಚ್ಚಿ, ಉಳಕೊಂಡ್ರು ಅಂತ ಹೇಳಿದೆ.

ಮರುದಿನ ಹೊತ್ತೇರುವ ಮೊದಲೇ ಮಾವ ಹೋದರು. ರಕ್ತ ಮತ್ತೆ ಸೋರಿತ್ತು. ಯಾರು ಕರೆದರೂ, ಕರೆಯದಿದ್ದರೂ ಇದು ಆಗುವುದೇ ಇತ್ತು ಅಂದರು ಡಾಕ್ಟರು. ಆ ಮಾತು ನನಗೆ ಸಾಕಾಯಿತು. ಅಕ್ಕನಿಗೆ ಸಾಕಾಗಲಿಲ್ಲ.

ಓದುವವರು ಒಂದು ಮಾತು ನೆನಪಿಟ್ಟುಕೊಳ್ಳಿ. ಮನೆಯಲ್ಲಿ ಎಲ್ಲರೂ ಗಟ್ಟಿಮುಟ್ಟಾಗಿ ಇರುವಾಗಲೇ, ನಗುನಗುತ್ತಾ, ಗಂಡನನ್ನು ಹೆಸರು ಹಿಡಿದು ಕರೆಯುವ ರೂಢಿ ಮಾಡಿಸಿ. ಅದು ಆಸ್ಪತ್ರೆಯಲ್ಲಿ ಕಲಿಯುವ ವಿದ್ಯೆಯಲ್ಲ.

ಅಕ್ಕ ಈಗ ಹಗರಿಬೊಮ್ಮನಹಳ್ಳಿಯಲ್ಲಿ ಮಗಳ ಮನೆಯಲ್ಲಿದ್ದಾಳೆ. ಈ ಸಲದ ಹೊಸ ಹಣ್ಣು ಒಂದು ಚೀಲ ಕೊಟ್ಟು ಬರೋಣವೆಂದು ಹೋಗಿದ್ದೆ. ಹಿತ್ತಲಲ್ಲಿ ಕೂತು ಹಣ್ಣು ಜಜ್ಜಿ ಬೀಜ ಬಿಡಿಸುತ್ತಾ ಮಾತಾಡುತ್ತಿದ್ದೆವು. ತುಂಬಾ ಸೊರಗಿದ್ದಳು. ಮನಸ್ಸಿಗೆ ಹಚ್ಚಿಕೊಳ್ಳಬೇಡ, ಡಾಕ್ಟರೇ ಹೇಳಿದ್ದಾರಲ್ಲ ಅಂತ ನಾನು ಮತ್ತೆ ಶುರುಮಾಡಿದೆ. ಅವಳು ಜಜ್ಜುವ ಕಲ್ಲನ್ನು ಕೆಳಗಿಟ್ಟಳು.

“ಡಾಕ್ಟರು ಇರ್ಲಿ. ನಮ್ಮವ್ವ ನಮ್ಮಪ್ಪನ ಹೆಸರ ಹಿಡದು ಕರದದ್ದು ಯಾವಾಗ, ನೆನಪೈತೇನು?”

ನೆನಪಿತ್ತು. ಅಪ್ಪನ ಹೆಣದ ಮುಂದೆ ಕೂತು, ಎದೆ ಬಡಿದುಕೊಂಡು ಅಳುವಾಗ. ಅದಕ್ಕೆ ಮೊದಲು ಅವಳ ಬಾಯಲ್ಲಿ ಆ ಹೆಸರು ನಾವು ಕೇಳಿರಲಿಲ್ಲ. ನಮ್ಮ ಹೆಂಗಸರು ಗಂಡನನ್ನು ಹೆಸರು ಹಿಡಿದು ಕರೆಯುವುದು ಅವನು ಹೋದ ಮೇಲೆಯೇ.

“ಅವ್ರಿಗೂ ಗೊತ್ತಿತ್ತಲ್ಲ ಅದು” ಅಂದಳು ಅಕ್ಕ. “ಕಣ್ಣು ತೆರದು ನನ್ನ ಹೆಂಗ ನೋಡಿದ್ರು ಗೊತ್ತೇನು? ‘ನಾ ಸತ್ತೀನೇನ?’ ಅಂತ ಕೇಳಿದಂಗ ನೋಡಿದ್ರು. ನಾ ಮಾತಾಡಲಿಲ್ಲ. ಹೌದು ಅಂದ್ಕೊಂಡು ಹೋಗಿಬಿಟ್ರು ತಮ್ಮಾ.”

ನನ್ನ ಕೈಯೂ ನಿಂತಿತು. ಏನಾದರೂ ಹೇಳಿ ಅವಳನ್ನು ಇದರಿಂದ ಬಿಡಿಸಬೇಕು ಅನ್ನಿಸಿತು. ಬಾಯಿಗೆ ಬಂದದ್ದು ಸುಳ್ಳು.

“ಹುಚ್ಚಿ ಅದೀ ನೋಡು. ನೀ ಕರದದ್ದು ಅವರಿಗೆ ಕೇಳಸೇ ಇಲ್ಲ. ಅದೇ ಹೊತ್ತಿಗೆ ನರ್ಸಮ್ಮ ಆಕಡೆಯಿಂದ ಸೂಜಿ ಚುಚ್ಚಿದ್ಲು, ಅದಕ್ಕ ಕಣ್ಣು ತೆರದ್ರು. ನಾ ಕಾಲಬದಿ ನಿಂತಿದ್ನಲ್ಲ, ನೋಡೀನಿ.”

ಅಕ್ಕನ ಮುಖ ಹಗುರಾಗುವುದೆಂದು ಕಾದೆ. ಬದಲಿಗೆ ಅದರ ಬಣ್ಣವೇ ಇಳಿಯಿತು.

“ಹಂಗಾರ, ಅವ್ರು ನನ್ನ ನೋಡ್ಲೇ ಇಲ್ಲೇನು?”

ಇನ್ನೊಂದು ಸುಳ್ಳು ಸೇರಿಸಿದ್ದರೆ ವ್ಯವಹಾರ ಮುಗಿಯುತ್ತಿತ್ತು. ನನ್ನ ಕೈಯಲ್ಲಾಗಲಿಲ್ಲ.

“ನೋಡಿದ್ರು ಅಕ್ಕಾ” ಅಂದೆ. “ಸೂಜಿ ಗೀಜಿ ಏನಿರಲಿಲ್ಲ. ನಿನ್ನನ್ನೇ ನೋಡಿದ್ರು.”

“ಅಷ್ಟಾದ್ರೂ ನನಗ ಇರ್ಲಿ ಬಿಡು” ಅಂದಳು. ಬಹಳ ಹೊತ್ತು ಅತ್ತಳು. ನಾನು ತಡೆಯಲಿಲ್ಲ.