ನುಂಗದ ಹೊಗೆ

ಹತ್ತೊಂಬತ್ತನೆಯ ವಯಸ್ಸಿನಲ್ಲಿ ನನ್ನ ಹತ್ತಿರ ಇದ್ದದ್ದು ಒಂದು ಹರಿತವಾದ ನಾಲಗೆ, ಮತ್ತೇನೂ ಇಲ್ಲ. ನಾರಾಯಣಖೇಡದ ಡಿಗ್ರಿ ಕಾಲೇಜಿನಲ್ಲಿ ನಾನು ಯಾರನ್ನಾದರೂ ಆಡಿಕೊಂಡರೆ ಅವನು ಎರಡು ದಿನ ಕ್ಲಾಸಿಗೆ ಬರುತ್ತಿರಲಿಲ್ಲ. ಈಗ ಹೇಳಲು ನಾಚಿಕೆಯಾಗುತ್ತದೆ, ಆಗ ಹೆಮ್ಮೆಯೇ ಇತ್ತು. ಆ ನಾಲಗೆ ಯಾವ ಕೆಲಸಕ್ಕೆ ಬರುತ್ತದೆಂದು ಮೇಷ್ಟ್ರಿಗಾಗಲಿ ಮನೆಯವರಿಗಾಗಲಿ ತಿಳಿಯಲಿಲ್ಲ. ಸಿಗರೇಟ್ ಕಂಪನಿಯ ಒಬ್ಬ ಸೇಲ್ಸ್‌ಮನ್‌ಗೆ ತಿಳಿಯಿತು.

ಅವನು ವಾರಕ್ಕೆರಡು ಸಲ ಜಹೀರಾಬಾದಿನಿಂದ ಬೈಕಿನಲ್ಲಿ ಬಂದು ಕಾಲೇಜಿನ ಎದುರಿನ ಪಾನ್ ಡಬ್ಬಾ ಅಂಗಡಿಗೆ ಮಾಲು ಹಾಕಿ ಹೋಗುತ್ತಿದ್ದ. ನಾನು ಅಲ್ಲಿ ನಿಂತು ಹುಡುಗರನ್ನು ನಗಿಸುವುದನ್ನು ಕೆಲವು ದಿನ ಸುಮ್ಮನೆ ನೋಡಿದ. ಆಮೇಲೆ ಚಹಾ ಕುಡಿಸಿ, ಅರ್ಧ ಉರ್ದು ಅರ್ಧ ತೆಲುಗಿನಲ್ಲಿ ವಿಷಯ ಹೇಳಿದ. ಜಾಹೀರಾತಿನ ಬೋರ್ಡು ಹಚ್ಚುವುದಕ್ಕೆ ಸರ್ಕಾರ ಈಗ ಬಿಡುವುದಿಲ್ಲವಂತೆ. ಕಂಪನಿ ಹೊಸ ಪ್ಯಾಕೆಟ್ ತಂದಿದೆ, ನಾನು ನಾಲ್ಕು ಜನರ ನಡುವೆ ಅದನ್ನು ತೆಗೆದು ಹಚ್ಚಿಕೊಂಡರೆ ಸಾಕಂತೆ. ಪ್ಯಾಕೆಟ್ ಪುಕ್ಕಟೆ, ಜೊತೆಗೊಂದು ಕರಿ ಜಾಕೆಟ್.

ಮೊದಲ ದಿನ ಹೊಗೆ ಒಳಗೆ ಹೋಗಿ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ಅವನು ನಕ್ಕ. ನುಂಗಬೇಡ ಎಂದು ಹೇಳಿ, ಬಾಯಿತುಂಬ ಎಳೆದು ಗಲ್ಲದಲ್ಲೇ ಹಿಡಿದು ಮೆಲ್ಲಗೆ ಮೂಗಿನಿಂದ ಬಿಡುವುದನ್ನು ಕಲಿಸಿಕೊಟ್ಟ. ದಿನವೂ ಹತ್ತು ಅಂಗಡಿಯ ಮುಂದೆ ಹಚ್ಚಬೇಕಾದ ಅವನೂ ನುಂಗುತ್ತಿರಲಿಲ್ಲ. ಮಾರುವವನೇ ನುಂಗಿದರೆ ಮಾರುವವರು ಯಾರು ಎಂದು ಕೇಳಿದ. ನಾನು ಒಂದು ವಾರ ಕನ್ನಡಿಯ ಮುಂದೆ ನಿಂತು ಅದನ್ನು ರೂಢಿ ಮಾಡಿಕೊಂಡೆ.

ನನ್ನ ಬಾಡಿಗೆ ಖೋಲಿಯಲ್ಲಿ ಇನ್ನೊಬ್ಬನಿದ್ದ. ಕಂಗ್ಟಿ ಕಡೆಯ ಹಳ್ಳಿಯವನು, ಇಡೀ ಕಾಲೇಜಿಗೆ ಅವನಂಥ ಓಟಗಾರ ಇರಲಿಲ್ಲ. ಇಬ್ಬರೂ ಪೊಲೀಸ್ ಕಾನ್‌ಸ್ಟೇಬಲ್ ಭರ್ತಿಗೆ ತಯಾರಿ ನಡೆಸಿದ್ದೆವು. ಐದು ಕಿಲೋಮೀಟರ್ ಓಡಿ ತೋರಿಸಿದರೆ ಮಾತ್ರ ಮುಂದಿನ ಮಾತು. ನಸುಕಿನಲ್ಲಿ ಬೀದರ್ ರಸ್ತೆಗೆ ಹೋದರೆ ನಾನು ಅರ್ಧದಲ್ಲೇ ಕುಳಿತುಬಿಡುತ್ತಿದ್ದೆ. ಅವನು ಓಡಿದ ದಾರಿಯಲ್ಲೇ ತಿರುಗಿ ಬಂದು, ಕೈಹಿಡಿದು ಎಬ್ಬಿಸಿ, ನನ್ನ ಜೊತೆ ಮತ್ತೆ ಓಡುತ್ತಿದ್ದ. ಅವನಿಗೆ ಹೊಲ ಇರಲಿಲ್ಲ, ಅಂಗಡಿ ಇರಲಿಲ್ಲ. ಆ ನೌಕರಿಯೊಂದೇ ದಾರಿ.

ಸೇಲ್ಸ್‌ಮನ್‌ನ ಕಣ್ಣು ಅವನ ಮೇಲೆಯೇ ಬಿತ್ತು. ಓಡುವವನೇ ಸೇದಿದರೆ ಉಳಿದವರ ಹೆದರಿಕೆ ಹೋಗುತ್ತದೆ ಎಂದ. ಅದನ್ನು ನನಗೆ ಬಿಡು ಎಂದೆ.

ಡಬ್ಬಾದ ಮುಂದೆ, ಆಟೊಗಾಗಿ ನಿಂತ ಹುಡುಗಿಯರಿಗೂ ಕೇಳಲಿ ಎಂದೇ, ದಿನಾ ಒಂದೇ ಮಾತು ಹೇಳುತ್ತಿದ್ದೆ:

"ಇವಂಗ ಇನ್ನ ಹಾಲ ಬಿಡ್ಸಿಲ್ಲ."

ಹುಡುಗರು ಬಿದ್ದು ಬಿದ್ದು ನಗುತ್ತಿದ್ದರು. ಅವನು ತಲೆತಗ್ಗಿಸಿ ಹೋಗುತ್ತಿದ್ದ, ಆದರೆ ಸೇದಲಿಲ್ಲ. ಒಂದು ದಿನ ಅವನ ತಾಯಿ ರೊಟ್ಟಿಯ ಗಂಟು ಹಿಡಿದು ಕಾಲೇಜಿನ ಹತ್ತಿರವೇ ಬಂದಳು. ಎಲ್ಲರ ಎದುರಿಗೆ ನಾನು, ಮಗನಿಗೆ ಹಾಲು ಕುಡಿಸಲು ಬಂದಿರೇನು ಎಂದು ಕೇಳಿದೆ. ಸುತ್ತ ನಗು ಎದ್ದಿತು. ಯಾಕೆಂದು ತಿಳಿಯದೆ ಆಕೆಯೂ ನಕ್ಕಳು. ಆವತ್ತು ಸಂಜೆ ಅವನು ನನ್ನ ಕೈಯಿಂದ ಸಿಗರೇಟ್ ಕಸಿದುಕೊಂಡು ಹಚ್ಚಿದ.

ಅವನು ನುಂಗಿದ. ಯಾವ ಕೆಲಸವನ್ನೂ ಅರೆಬರೆ ಮಾಡುವುದು ಅವನಿಗೆ ಗೊತ್ತಿರಲಿಲ್ಲ. ಕೆಮ್ಮುತ್ತ ಗೋಡೆಗೆ ಕೈ ಊರಿ ನಿಂತವನನ್ನು ನೋಡಿ ನಾನು ಚಪ್ಪಾಳೆ ತಟ್ಟಿದೆ. ಎರಡು ತಿಂಗಳಲ್ಲಿ ಅವನ ಜೇಬಿಗೆ ಸ್ವಂತ ಪ್ಯಾಕೆಟ್ ಬಂತು. ವರ್ಷ ಕಳೆಯುವುದರೊಳಗೆ ಅರ್ಧ ಕ್ಲಾಸಿನ ಜೇಬಿಗೂ ಬಂತು. ಸೇಲ್ಸ್‌ಮನ್ ನನ್ನ ಬೆನ್ನು ತಟ್ಟಿದ.

ಮರುವರ್ಷ ಸಂಗಾರೆಡ್ಡಿಯ ಮೈದಾನದಲ್ಲಿ ಓಟ. ಕೊನೆಯ ಸುತ್ತುಗಳಲ್ಲಿ ಅವನು ಸೊಂಟ ಹಿಡಿದುಕೊಂಡು, ಕೆಮ್ಮುತ್ತ, ಸುಣ್ಣದ ಗೆರೆಯ ಪಕ್ಕ ಕುಳಿತುಬಿಟ್ಟ. ನಾನು ನೋಡಿದೆ. ನೋಡಿಯೂ ಓಡಿದೆ, ಪಾಸಾದೆ. ಬಸ್ ಸ್ಟ್ಯಾಂಡಿನಲ್ಲಿ ಅವನೇ ನನಗೆ ಚಹಾ ಕೊಡಿಸಿ, ಇಬ್ಬರೂ ಅಷ್ಟೇ ಸೇದಿದೆವು, ನಿನ್ನ ಎದೆ ಗಟ್ಟಿ, ನನ್ನದು ಸೊರಗಿದ ಎದೆ ಎಂದ. ನಾನು ಹೂಂ ಎಂದೆ. ಆ ಒಂದು ಹೂಂಗಾಗಿ ನನ್ನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಹೋದ ವರ್ಷ ನನಗೆ ತಾಂಡೂರಿಗೆ ವರ್ಗವಾಯಿತು. ಆ ಓಟಗಾರ ಗೆಳೆಯ ಅಲ್ಲೇ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ದುಡಿಯುತ್ತಾನೆ. ಇವತ್ತಿಗೂ ಅದೇ ಪ್ಯಾಕೆಟ್ ಸೇದುತ್ತಾನೆ, ಮೆಟ್ಟಿಲು ಹತ್ತಿದರೆ ನಡುವೆ ನಿಲ್ಲುತ್ತಾನೆ. ಒಂದು ಭಾನುವಾರ ಊಟಕ್ಕೆ ಕರೆದ. ಅವನ ಮಗನಿಗೆ ಹದಿನೇಳು, ಪೊಲೀಸ್ ಭರ್ತಿಗೆಂದು ದಿನಾ ಓಡುತ್ತಾನೆ. ಆ ಹುಡುಗನ ಚೀಲದಲ್ಲಿ ಸಿಗರೇಟ್ ಸಿಕ್ಕಿದೆ ಎಂದು ಅವನ ಹೆಂಡತಿ ಕಣ್ಣೀರು ಹಾಕಿದಳು.

"ಅಣ್ಣಾ, ನೀವಾದ್ರೂ ಒಂದ್ ಮಾತ ಹೇಳ್ರಿ."

ನಾನು ಠಾಣೆಯ ದನಿಯಲ್ಲಿ ಶುರು ಮಾಡಿದೆ. ಹುಡುಗ ಹೆದರಲಿಲ್ಲ.

"ಕಾಕಾ, ನೀವು ಸೇದೇ ಪೊಲೀಸ್ ಆಗೀರಂತಲ್ಲ. ಅಪ್ಪ ಹೇಳ್ಯಾನ."

ಅಪ್ಪ ತಟ್ಟೆಯಿಂದ ತಲೆಯೆತ್ತಿ ಹೌದೆಂದು ತಲೆಯಾಡಿಸಿದ. ನನ್ನ ಬಗ್ಗೆ ಅವನಿಗೆ ಅಭಿಮಾನ. ಇಷ್ಟು ವರ್ಷ ಈ ಮನೆಯಲ್ಲಿ ನನ್ನ ಹೆಸರು ಹೇಳಿಯೇ ಅವನು ಸಿಗರೇಟ್ ಹಚ್ಚಿದ್ದಾನೆ, ಈಗ ಮಗನೂ ಹಚ್ಚುತ್ತಿದ್ದಾನೆ. ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಬಿಟ್ಟೆ.

"ನಾ ಒಂದಿನಾನೂ ಹೊಗಿ ನುಂಗಿಲ್ಲ," ಎಂದೆ.

ಸೇಲ್ಸ್‌ಮನ್ ಕಲಿಸಿದ್ದು, ಗಲ್ಲದಲ್ಲಿ ಹಿಡಿದದ್ದು, ಜಾಕೆಟ್ಟಿನ ಆಸೆಗೆ ಗೆಳೆಯನ ತಾಯಿಯನ್ನು ನಗೆಪಾಟಲು ಮಾಡಿದ್ದು, ಎಲ್ಲ ಹೇಳಿದೆ. ಗೆಳೆಯ ಕೈ ತೊಳೆದುಕೊಂಡು ಬಂದು ಕುಳಿತ.

"ಹಂಗಾರ ನನಗ್ಯಾಕ ಹೇಳ್ಲಿಲ್ಲ?"

ಸುಳ್ಳು ನಾಲಗೆ ತುದಿಗೇ ಬಂದಿತ್ತು. ಹುಡುಗನ ಎದುರಿಗೆ ಆಡಲಾಗಲಿಲ್ಲ.

"ಹೇಳಿದ್ರ ನೀ ಸೇದೂದ ಬಿಟ್ಟಬಿಡ್ತಿದ್ದಿ."

ಅವನಿಗೆ ಕೆಮ್ಮು ಬಂತು. ಬಹಳ ಹೊತ್ತು ಕೆಮ್ಮಿದ. ಆಮೇಲೆ ಮಗನ ರಟ್ಟೆ ಹಿಡಿದು ನನ್ನ ಮುಂದೆ ತಂದು ಕೂರಿಸಿದ.

"ಕಾಕಾನ ಮಾರಿ ಛಲೋ ನೋಡು. ಸಿಗರೇಟ್ ಬಿಡು ಅಂತ ಇನ್ನ ನಾ ಬ್ಯಾರೆ ಹೇಳೂದ ಬ್ಯಾಡ."

ಹುಡುಗ ನೋಡಿದ. ಎದ್ದು ಹೋಗು ಎಂದು ನನಗೆ ಯಾರೂ ಹೇಳಲಿಲ್ಲ. ಅವನು ನೋಡಿ ಮುಗಿಸುವವರೆಗೆ ಎಂಜಲು ಕೈಯಲ್ಲಿ ಕುಳಿತೇ ಇದ್ದೆ.